ಕೊನೆಗಾಲದ ಆರೈಕೆ: ಮೊದಲೇ ತಿಳಿಸಿಡಬೇಕಾದ ಇಚ್ಛೆ

ಹೆರಿಗೆಗೆ ಬೇಕಾದುದನ್ನೆಲ್ಲ ಮೊದಲೇ ಏರ್ಪಡಿಸಿಕೊಳ್ಳುವ ನಾವು ಕೊನೆಗಾಲದ ಆರೈಕೆಯ ಮಾತನ್ನು ಅಪಶಕುನವೆಂದು ದೂರವಿಡುತ್ತೇವೆ. ಇದರ ಹೊರೆ ಹೆಚ್ಚಾಗಿ ಬೀಳುವುದು ಬಡವರ ಮೇಲೆ. ಗುಣವಾಗದ ರೋಗಿಯನ್ನು ತೀವ್ರ ನಿಗಾ ಘಟಕದಲ್ಲಿ ಇರಿಸಲು ಕೂಲಿಕಾರರ ಕುಟುಂಬವು ಸಾಲ ಮಾಡುತ್ತದೆ. ರೋಗಿಯ ಇಚ್ಛೆ ಏನಿತ್ತೆಂಬುದು ಯಾರಿಗೂ ತಿಳಿದಿರುವುದಿಲ್ಲ. ಮನೆಯವರಿಂದ ದೂರವಾದ ಲಿಂಗತ್ವ ಅಲ್ಪಸಂಖ್ಯಾತರು, ಒಂಟಿ ಸ್ತ್ರೀಯರು ಹಾಗೂ ವಲಸೆ ಕಾರ್ಮಿಕರು ಪ್ರಜ್ಞೆ ತಪ್ಪಿದಾಗ ಅವರ ಪರವಾಗಿ ಮಾತನಾಡುವವರೇ ಇಲ್ಲದಂತಾಗಬಹುದು.

ಕಾನೂನಿನ ಆಧಾರ

ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ತೀರ್ಪಿತ್ತಿತು. 2023ರ ಜನವರಿಯಲ್ಲಿ ಇದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಈ ಕುರಿತು ಸುತ್ತೋಲೆ ಹೊರಡಿಸಿತು.

ಬರೆದಿಡುವ ಕ್ರಮ

1. ವಯಸ್ಕರಾದ, ಸ್ವಸ್ಥಚಿತ್ತರಾದ ಯಾರೇ ಆಗಲಿ, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಸ್ವಇಚ್ಛೆಯಿಂದ ಬರೆದಿಡಬಹುದು.
2. ತಮ್ಮ ಪರವಾಗಿ ತೀರ್ಮಾನಿಸಲು ನಂಬಿಕೆಯ ಇಬ್ಬರನ್ನಾದರೂ ಹೆಸರಿಸಬೇಕು.
3. ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಓದುಬರಹ ಬಾರದವರಿಗೆ ಬರಹವನ್ನು ಅವರ ಮಾತಿನಲ್ಲಿಯೇ ಓದಿ ಹೇಳಬೇಕು.
4. ಪ್ರತಿಗಳನ್ನು ಹೆಸರಿಸಿದವರಿಗೂ, ಕುಟುಂಬ ವೈದ್ಯರಿದ್ದರೆ ಅವರಿಗೂ, ಸ್ಥಳೀಯ ಸಂಸ್ಥೆಗೂ ಕೊಡಬೇಕು.
5. ಮನಸ್ಸು ಬದಲಾದರೆ ಬರಹದ ಮೂಲಕ ಹಿಂತೆಗೆದುಕೊಳ್ಳಬಹುದು.

ರೋಗಿಯು ತಾನೇ ತೀರ್ಮಾನಿಸಬಲ್ಲವರೆಗೂ ಅವರ ಮಾತೇ ಅಂತಿಮ. ಆ ಶಕ್ತಿ ಇಲ್ಲದಾದಾಗ ಮಾತ್ರ ಈ ಬರಹ ಜಾರಿಗೆ ಬರುತ್ತದೆ. ಆಗಲೂ ಆಸ್ಪತ್ರೆಯ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಲಿಗಳೆರಡೂ ಪರಿಶೀಲಿಸಿ ಒಪ್ಪಬೇಕು.

ಕಾರ್ಯಕರ್ತರು ಗಮನಿಸತಕ್ಕದ್ದು

ಹಣವಿಲ್ಲವೆಂಬ ಕಾರಣದಿಂದ ಯಾರಿಂದಲೂ ಸಹಿ ಮಾಡಿಸಬಾರದು. ಎಲ್ಲ ಚಿಕಿತ್ಸೆಯೂ ಬೇಕೆಂದು ಬರೆಸುವುದೂ ಇಚ್ಛೆಯೇ. ಯಂತ್ರಗಳನ್ನು ಬೇಡವೆಂದವರು ಆರೈಕೆಯನ್ನು ಬೇಡವೆಂದಂತೆ ಅಲ್ಲ. ನೋವು ಶಮನ, ಹುಣ್ಣುಗಳ ಶುಶ್ರೂಷೆ, ಬಾಯಿಯ ಶುಚಿತ್ವ, ಸಾಂತ್ವನದ ಮಾತು ಕೊನೆಯವರೆಗೂ ಸಲ್ಲಬೇಕು. ಮಾತನ್ನು ಕಾಗದದಿಂದ ಆರಂಭಿಸದೆ, "ಕಾಯಿಲೆ ಹೆಚ್ಚಾದರೆ ಎಲ್ಲಿರಲು ಬಯಸುತ್ತೀರಿ? ನಿಮ್ಮ ಪರವಾಗಿ ಯಾರು ಮಾತನಾಡಬೇಕು?" ಎಂದು ಕೇಳಿ, ಸಮಾಧಾನದಿಂದ ಆಲಿಸಬೇಕು. ಒಂದೇ ಭೇಟಿಯಲ್ಲಿ ಉತ್ತರ ದೊರೆಯದಿರಬಹುದು, ಅವಸರ ಸಲ್ಲದು.

ಪ್ರಶ್ನೆಗಳು

1. ಈ ಬರಹವು ಯಾವಾಗ ಜಾರಿಗೆ ಬರುತ್ತದೆ?
2. ಬಂಧುಗಳಿಂದ ದೂರವಿರುವವರಿಗೆ ಇದು ಏಕೆ ಹೆಚ್ಚು ಅಗತ್ಯ?
3. ಯಂತ್ರಗಳ ನೆರವನ್ನು ಬೇಡವೆಂದ ರೋಗಿಗೆ ಯಾವ ಆರೈಕೆ ಮುಂದುವರಿಯಬೇಕು?