ಕೊಟ್ಟಿಗೆ ಪರದೆಯ ರಿಂಗ್ ಕಿತ್ತು ಬರದಂತೆ ಕೂರಿಸುವುದು ಹೇಗೆ?



ಆಷಾಢದ ಗಾಳಿ ಶುರುವಾಗುವ ಮೊದಲೇ ಕೊಟ್ಟಿಗೆಯ ಪಡುವಣ ಬದಿಗೆ ಪರದೆ ಕಟ್ಟುವುದು ನಿಡಘಟ್ಟದ ಸುತ್ತಮುತ್ತ ಈಗ ರೂಢಿಯಾಗಿದೆ. ಒಳ್ಳೆಯ ರೂಢಿ. ಇರಿಚಲು ಹೊಡೆದು ನೆಲ ಒದ್ದೆಯಾದರೆ ಕೆಚ್ಚಲು ಬಾವಿಗೆ ದಾರಿ; ತಣ್ಣನೆ ಗಾಳಿ ನೇರವಾಗಿ ಕರುವಿನ ಮೇಲೆ ಬೀಸಿದರೆ ಕೆಮ್ಮು, ನ್ಯುಮೋನಿಯಾ. ಪರದೆಗೆ ಹೆಚ್ಚಿನವರು ಬಳಸುವುದು ಹಳೆಯ ಫ್ಲೆಕ್ಸ್. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಆದರೂ ಹೆದ್ದಾರಿ ಬದಿಯ ಊರುಗಳಲ್ಲಿ ಅವುಗಳಿಗೆ ಬರವಿಲ್ಲ ಎಂಬುದು ನಿಮಗೇ ಗೊತ್ತು. ಮನೆಯಲ್ಲಿ ಈಗಾಗಲೇ ಬಿದ್ದಿರುವುದನ್ನು ಸುಡುವುದಕ್ಕಿಂತ ಪರದೆ ಮಾಡುವುದು ಮೇಲು. ಹೊಸದಾಗಿ ಕೊಳ್ಳುವುದಾದರೆ ಟಾರ್ಪಾಲನ್ನೇ ಕೊಳ್ಳಿ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಟಾರ್ಪಾಲು ಬಂದಿದೆಯೇ ಎಂದು ಮೊದಲು ವಿಚಾರಿಸಿ.

ತೊಂದರೆ ಇರುವುದು ಬಟ್ಟೆಯಲ್ಲಲ್ಲ, ಅದನ್ನು ಕಟ್ಟುವ ಕಣ್ಣಿನಲ್ಲಿ. ಎರಡು ಜೋರು ಗಾಳಿಗೆ ರಿಂಗ್ ಕಿತ್ತು ಬರುತ್ತದೆ. ಆಗ ಕೈಗೆ ಸಿಗುವುದು ಮನೆ ಕಟ್ಟುವಾಗ ಉಳಿದ ಬೈಂಡಿಂಗ್ ತಂತಿ. ಫ್ಲೆಕ್ಸಿಗೆ ಚುಚ್ಚಿ, ಕಂಬಕ್ಕೆ ಸುತ್ತಿ, ತಿರುಚಿ ಬಿಡುತ್ತೇವೆ. ಪರದೆ ದಿನವೂ ಪಟಪಟ ಹೊಡೆದುಕೊಳ್ಳುತ್ತಾ ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತದೆ. ತುಕ್ಕು ಹಿಡಿದ ಜಾಗದಲ್ಲಿ ಅದು ಮುರಿದು ಬೆರಳುದ್ದದ ಚೂರು ಗೋದಲಿಗೆ ಬೀಳುತ್ತದೆ.

ಹಸು ಹುಲ್ಲನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಸುತ್ತಿ ಎಳೆದು, ಸರಿಯಾಗಿ ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ನುಂಗಿದ ತಂತಿ ಭಾರವಾದ್ದರಿಂದ ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತದೆ. ತುಂಬು ಗಬ್ಬದ ಹಸುವಿನಲ್ಲಿ ಗರ್ಭದ ಒತ್ತಡವೂ ಸೇರಿ ಅಪಾಯ ಇನ್ನೂ ಹೆಚ್ಚು.

ಇಂಥ ಹಸು ಒಂದೇ ದಿನದಲ್ಲಿ ಹಾಲು ಇಳಿಸಿಬಿಡುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುತ್ತದೆ. ಇಳಿಜಾರಿನಲ್ಲಿ ನಡೆಯಲು ಒಪ್ಪುವುದಿಲ್ಲ. ಮಲಗುವಾಗ, ಏಳುವಾಗ ನರಳುತ್ತದೆ. ಗಂಗೆದೊಗಲಿನಲ್ಲಿ ಊತ, ಕುತ್ತಿಗೆಯಲ್ಲಿ ಉಬ್ಬಿದ ರಕ್ತನಾಳ ಕಾಣುವ ಹೊತ್ತಿಗೆ ತಂತಿ ಹೃದಯದ ಪೊರೆಯನ್ನು ತಲುಪಿರುತ್ತದೆ. ಆ ಹಂತದಲ್ಲಿ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಬೇಗ ಕರೆದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸುವುದು, ಶಸ್ತ್ರಚಿಕಿತ್ಸೆ ಮುಂತಾದ ದಾರಿಗಳಿವೆ. ಅಜೀರ್ಣ ಇರಬಹುದೆಂದು ಮೂರು ದಿನ ಎಣ್ಣೆ, ಸೋಡಾ ಕುಡಿಸುತ್ತಾ ಕಾಯಬೇಡಿ.

ಹಾಗಾಗಿ ರಿಂಗ್ ಕೂರಿಸುವುದನ್ನು ಚೆನ್ನಾಗಿ ಕಲಿಯೋಣ. ಫ್ಲೆಕ್ಸ್ ಅಂಗಡಿಯವರು ಇದನ್ನು ಐಲೆಟ್ ಎನ್ನುತ್ತಾರೆ.

ಮೊದಲು ಅಂಚು. ಒಂದೇ ಪದರದ ಫ್ಲೆಕ್ಸಿಗೆ ಎಂಥ ರಿಂಗ್ ಹೊಡೆದರೂ ಹರಿಯುತ್ತದೆ. ಎರಡು ಇಂಚು ಅಗಲಕ್ಕೆ ಎರಡು ಸಲ ಮಡಿಚಿ, ಮಡಿಕೆಯ ಎರಡೂ ಬದಿಯಲ್ಲಿ ನೈಲಾನ್ ದಾರದ ಹೊಲಿಗೆ ಹಾಕಿಸಿ. ಮನೆಯ ಹೊಲಿಗೆ ಯಂತ್ರದಲ್ಲಿ ಇದು ಕಷ್ಟ, ಸೂಜಿ ಮುರಿಯುತ್ತದೆ. ಲಾರಿ ಟಾರ್ಪಾಲು, ಸೀಟ್ ಕವರ್ ಹೊಲಿಯುವವರ ಬಳಿ ಮಾಡಿಸಿ. ಮಡಿಕೆಯ ಒಳತುದಿಗೆ ತೆಳು ನೈಲಾನ್ ಹಗ್ಗ ಸೇರಿಸಿ ಹೊಲಿಸಿದರೆ ಗಾಳಿಯ ಎಳೆತ ಒಂದೊಂದು ರಿಂಗಿನ ಮೇಲೆ ಬೀಳದೆ ಅಂಚಿನುದ್ದಕ್ಕೂ ಹಂಚಿಹೋಗುತ್ತದೆ.

ಈಗ ಅಂಚು ಮೂರು ಪದರ ದಪ್ಪವಾಯಿತು. ಮೂಲೆಯಲ್ಲಿ ಎರಡು ಮಡಿಕೆ ಸೇರುವುದರಿಂದ ಮೂರು ಮೂರ್ಲೆ ಒಂಬತ್ತು ಪದರ! ಹೆಚ್ಚಿನ ರಿಂಗುಗಳು ಸೋಲುವುದು ಈ ಲೆಕ್ಕದಲ್ಲೇ. ರಿಂಗಿನಲ್ಲಿ ಎರಡು ಭಾಗ: ಕುತ್ತಿಗೆಯಂತೆ ಮೇಲೆದ್ದ ಕೊಳವೆ ಇರುವುದೊಂದು, ಅದರ ಮೇಲೆ ಕೂರುವ ಚಪ್ಪಟೆ ವಾಷರ್ ಇನ್ನೊಂದು. ಸುತ್ತಿಗೆ ಏಟಿಗೆ ಕೊಳವೆಯ ತುಟಿ ಹೊರಕ್ಕೆ ಸುರುಳಿಯಾಗಿ ವಾಷರನ್ನು ಅಪ್ಪಿಕೊಳ್ಳಬೇಕು. ತೆಳು ಬ್ಯಾನರಿಗೆಂದು ಮಾಡಿದ ಗಿಡ್ಡ ಕೊಳವೆ ದಪ್ಪ ಅಂಚಿನೊಳಗೇ ಮುಗಿದುಹೋಗುತ್ತದೆ, ಅಪ್ಪಿಕೊಳ್ಳಲು ಏನೂ ಉಳಿದಿರುವುದಿಲ್ಲ. ನೋಡಲು ಕೂತಂತೆ ಕಾಣುತ್ತದೆ, ಮೊದಲ ಗಾಳಿಗೆ ವಾಷರ್ ಹಾರುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಹೊಲಿಸಿದ ಅಂಚನ್ನೇ ಕೊಂಡುಹೋಗಿ, ಇಲ್ಲವೆ ಅಷ್ಟೇ ಪದರ ಮಡಿಚಿದ ಒಂದು ತುಂಡು ಒಯ್ಯಿರಿ. ಕೊಳವೆಯನ್ನು ಅಂಚಿನ ಮೂಲಕ ತೂರಿಸಿ, ವಾಷರ್ ಇಟ್ಟ ಮೇಲೆ ಕೊಳವೆ ಇನ್ನೂ 2ರಿಂದ 3 ಮಿಲಿಮೀಟರ್, ಅಂದರೆ ಒಂದೆರಡು ಅಕ್ಕಿಕಾಳಿನ ದಪ್ಪದಷ್ಟು, ಮೇಲೆ ಕಾಣಬೇಕು. ಕಡಿಮೆಯಾದರೆ ಹಿಡಿಯುವುದಿಲ್ಲ. ಬಹಳ ಹೆಚ್ಚಾದರೆ ತುಟಿ ಸುರುಳಿಯಾಗದೆ ಸೀಳುತ್ತದೆ, ಸೀಳಿದ ತುಟಿ ಬ್ಲೇಡಿನಂತೆ ಹಗ್ಗ ಕೊಯ್ಯುತ್ತದೆ. ಕೊಟ್ಟಿಗೆ ಪರದೆಗೆ ಒಳರಂಧ್ರ 10ರಿಂದ 12 ಮಿಲಿಮೀಟರ್ ಇದ್ದರೆ ಸಾಕು. ವಾಷರಿನ ಅಡಿಯಲ್ಲಿ ಸಣ್ಣ ಹಲ್ಲುಗಳಿರುವ ಬಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಲ್ಲು ಬಟ್ಟೆಯನ್ನು ಕಚ್ಚುತ್ತದೆ, ರಿಂಗ್ ತಿರುಗುವುದಿಲ್ಲ.

ತೂತು ಕೊಳವೆಗಿಂತ ಒಂದು ಕೂದಲು ಚಿಕ್ಕದಿರಲಿ, ಬೆರಳಿನಿಂದ ಒತ್ತಿಯೇ ತೂರಿಸುವಂತಿರಬೇಕು. ಕುಡುಗೋಲಿನ ತುದಿಯಿಂದ ಅಡ್ಡ ಉದ್ದ ಸೀಳಿದರೆ ಆ ಸೀಳಿನ ತುದಿಯಿಂದಲೇ ಹರಿಯಲು ಶುರುವಾಗುತ್ತದೆ. ಕಾಸಿದ ಮೊಳೆಯಿಂದ ಚುಚ್ಚಿದರೆ ತೂತು ಅಂಕುಡೊಂಕಾಗುತ್ತದೆ. ಪಿವಿಸಿ ಸುಟ್ಟ ಹೊಗೆ ನಿಮಗೂ ಕೆಟ್ಟದ್ದು, ದನಕ್ಕೂ ಕೆಟ್ಟದ್ದು. ದುಂಡು ಪಂಚನ್ನೇ ಬಳಸಿ. ಅಡಿಗೆ ಮರದ ದಿಮ್ಮಿ ಇರಲಿ. ಒರಳುಕಲ್ಲಿನ ಮೇಲೋ ಸಿಮೆಂಟ್ ನೆಲದ ಮೇಲೋ ಹೊಡೆದರೆ ಎರಡನೇ ತೂತಿಗೇ ಪಂಚಿನ ಬಾಯಿ ಮೊಂಡು. ತೂತು ಎರಡು ಹೊಲಿಗೆಗಳ ನಡುವೆ ಬರಲಿ, ಹೊಲಿಗೆಯ ಮೇಲೆ ಬಂದರೆ ದಾರವೇ ಕತ್ತರಿಸಿಹೋಗುತ್ತದೆ.

ಹೊಡೆಯುವಾಗ ಮಾತ್ರ ಅಡಿಗೆ ಮೆತ್ತಗಿನದು ಬೇಡ. ಬಟ್ಟಲಿನಂತಿರುವ ಅಡಿ ಅಚ್ಚನ್ನು ಗಟ್ಟಿ ಕಲ್ಲಿನ ಮೇಲೋ ಕಬ್ಬಿಣದ ತುಂಡಿನ ಮೇಲೋ ಇಟ್ಟು, ಕೊಳವೆಯ ಭಾಗ ಅದರಲ್ಲಿ ಕೂರಿಸಿ, ಪರದೆ, ಅದರ ಮೇಲೆ ಹಲ್ಲು ಕೆಳಮುಖವಾಗಿ ವಾಷರ್, ಅದರ ಮೇಲೆ ಹೊಡೆಯುವ ಅಚ್ಚನ್ನು ನೆಟ್ಟಗೆ ಹಿಡಿಯಿರಿ. ಒಂದೇ ದೊಡ್ಡ ಏಟು ಬೇಡ. ಹದವಾದ ಮೂರು ನಾಲ್ಕು ಏಟು ಹಾಕಿ, ಪ್ರತಿ ಏಟಿಗೂ ಅಚ್ಚನ್ನು ಸ್ವಲ್ಪ ತಿರುಗಿಸಿ. ಆಮೇಲೆ ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಇನ್ನೊಂದು ಏಟು ಬೇಕು. ಸುತ್ತಲಿನ ಫ್ಲೆಕ್ಸ್ ಕತ್ತರಿಸಿದಂತೆ ಗೆರೆ ಬಿದ್ದಿದ್ದರೆ ಏಟು ಹೆಚ್ಚಾಗಿದೆ, ಅದನ್ನು ಬಿಟ್ಟು ಪಕ್ಕದಲ್ಲಿ ಬೇರೆ ಹಾಕಿ. ಒಂಬತ್ತು ಪದರದ ಮೂಲೆಗೆ ಹೊಡೆಯಲು ಹೋಗಬೇಡಿ; ಮೂಲೆಯಿಂದ ಮೂರು ಇಂಚು ಈಚೆಗೆ, ಅಡ್ಡ ಅಂಚಿನಲ್ಲೊಂದು, ಉದ್ದ ಅಂಚಿನಲ್ಲೊಂದು ಹಾಕಿ ಎರಡಕ್ಕೂ ಒಂದೇ ಹಗ್ಗ ಪೋಣಿಸಿ. ಉಳಿದೆಡೆ ಎರಡು ಅಡಿಗೊಂದು, ಗಾಳಿ ಹೊಡೆಯುವ ಬದಿಯಲ್ಲಿ ಒಂದೂವರೆ ಅಡಿಗೊಂದು ಇರಲಿ. ಪಂಚ್, ಅಚ್ಚು ಒಬ್ಬೊಬ್ಬರೇ ಕೊಳ್ಳುವ ಅಗತ್ಯವಿಲ್ಲ. ನಿಮ್ಮ ಸಂಘದಲ್ಲಿ ಒಂದು ಜೊತೆ ಇದ್ದರೆ ಊರಿಗೇ ಸಾಕು.

ಯಾವ ಲೋಹದ ರಿಂಗ್ ಎಂದು ಹಲವರು ಕೇಳುತ್ತಾರೆ. ಬೆಳ್ಳಗೆ ಹೊಳೆಯುವ ಅಗ್ಗದ ರಿಂಗ್ ಹೆಚ್ಚಾಗಿ ಲೇಪ ಹಾಕಿದ ಕಬ್ಬಿಣ. ಅಯಸ್ಕಾಂತ ಬಿಗಿಯಾಗಿ ಅಂಟಿದರೆ ಬಿಟ್ಟುಬಿಡಿ, ಗಂಜಲದ ಘಾಟಿಗೆ ಬೇಗ ತುಕ್ಕು ಹಿಡಿಯುತ್ತದೆ. ಹಿತ್ತಾಳೆಗೆ ತುಕ್ಕಿಲ್ಲ, ಆದರೆ ಬೇರೆ ಶತ್ರುವಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಯ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ಅವು ತಮ್ಮಷ್ಟಕ್ಕೆ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದಿಂದ ಏಳುವ ಅಮೋನಿಯವೇ ಕಾರಣ ಎಂಬ ವಿವರಣೆ 1921ರಲ್ಲಿ ಬಂತು. ಬಡಿದು ಬಾಗಿಸಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ತೇವ, ಅಮೋನಿಯ ಸೇರಿದರೆ ಅದು ಆ ಜಾಗದಲ್ಲಿ ಬಿರಿಯುತ್ತದೆ. ನಾವು ಸುರುಳಿ ಮಾಡಿದ ರಿಂಗಿನ ತುಟಿಯೂ ಅಂಥದ್ದೇ. ಮೇಲಿನ ಸಾಲಿಗೆ ಹಿತ್ತಾಳೆ ನಡೆಯುತ್ತದೆ, ವರ್ಷಕ್ಕೊಮ್ಮೆ ಬಿರುಕು ನೋಡಿಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕರೆ ಇನ್ನೂ ಒಳ್ಳೆಯದು. ಗಂಜಲದ ಕಾಲುವೆಯ ಹತ್ತಿರ ಬರುವ ಕೆಳಗಿನ ಅಂಚಿಗೆ ರಿಂಗನ್ನೇ ಹಾಕಬೇಡಿ. ಅಲ್ಲಿ ಚೀಲದಂತೆ ಉದ್ದಕ್ಕೆ ಹೊಲಿಸಿ ಬಿದಿರಿನ ಗಳ ತೂರಿಸಿ. ಭಾರಕ್ಕೆ ಪರದೆ ನೆಟ್ಟಗೆ ನಿಲ್ಲುತ್ತದೆ, ಬೆಳಗ್ಗೆ ಸುತ್ತಿ ಮೇಲೆತ್ತಲೂ ಸುಲಭ.

ಇನ್ನೊಂದು ಮಾತು. ಹೊಟ್ಟೆಯೊಳಗಿನ ಅಯಸ್ಕಾಂತ ಕಬ್ಬಿಣವನ್ನು ಹಿಡಿಯುತ್ತದೆ, ಹಿತ್ತಾಳೆ, ಅಲ್ಯೂಮಿನಿಯಂ ಹಿಡಿಯುವುದಿಲ್ಲ. ಕಳಚಿ ಬಿದ್ದ ವಾಷರ್ ಕಂಡ ಕೂಡಲೇ ಎತ್ತಿಡಿ.

ಕಟ್ಟಲು ತಂತಿಯ ಬದಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಳಸಿ. ಗಾಳಿ ಬಂದಾಗ ಹಿಗ್ಗಿ ಮತ್ತೆ ಕುಗ್ಗುವುದರಿಂದ ರಿಂಗಿಗೆ ಜಗ್ಗಾಟ ಕಡಿಮೆ. ಪರದೆಯನ್ನು ಮಾಡಿನವರೆಗೂ ಮುಚ್ಚಬೇಡಿ, ಮೇಲೆ ಒಂದರಿಂದ ಒಂದೂವರೆ ಅಡಿ ಗಾಳಿಗೆ ಬಿಡಿ. ಬೆಳಗಿನ ಹಾಲು ಕರೆಯುವ ಮೊದಲು ಕರುವಿನ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ಉಸಿರೆಳೆದು ನೋಡಿ. ಕಣ್ಣು ಉರಿದರೆ ಕರುವಿನ ಶ್ವಾಸಕೋಶಕ್ಕೆ ಚಳಿಗಾಳಿಗಿಂತ ಆ ಘಾಟೇ ಹೆಚ್ಚು ಕೆಟ್ಟದ್ದು. ಮುದ್ರಣದ ಬದಿ ಹೊರಗಿರಲಿ, ಪರದೆ ನಾಲಿಗೆಗೆ ಎಟುಕದಂತೆ ಒಂದು ಗಳ ಅಡ್ಡ ಕಟ್ಟಿ. ಹಸು ಮತ್ತೆ ಮತ್ತೆ ಪ್ಲಾಸ್ಟಿಕ್, ಗೋಡೆ, ಹಗ್ಗ ನೆಕ್ಕುತ್ತಿದ್ದರೆ ರಂಜಕದ ಕೊರತೆ ಇರಬಹುದು. ಖನಿಜ ಮಿಶ್ರಣ ಕೊಡುತ್ತಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ಹೊಸ ಪರದೆ ಏರಿಸುವ ದಿನ ಹಳೆಯ ತಂತಿಯನ್ನು ದನಗಳನ್ನು ಹೊರಗೆ ಕಟ್ಟಿದ ಮೇಲೆಯೇ ಬಿಚ್ಚಿ. ಎಳೆದು ಕೀಳಬೇಡಿ, ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ಡಬ್ಬಿಗೆ ಹಾಕಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಗೋದಲಿಯ ತಳ, ಅದರ ಮುಂದಿನ ನೆಲ, ಹುಲ್ಲು ಕತ್ತರಿಸುವ ಜಾಗ ಮೂರರಲ್ಲೂ ನಿಧಾನವಾಗಿ ಆಡಿಸಿ, ಅಂಟಿದ್ದನ್ನೂ ಅದೇ ಡಬ್ಬಿಗೆ ಹಾಕಿ ಗುಜರಿಗೆ ಕೊಡಿ.