ಚಿತ್ರದ ಸುತ್ತಲಿನ ಜಾಗ

ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲೋ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ವಾರ್ಷಿಕ ಸಂಚಿಕೆಯ ಪುಟ ಕಟ್ಟುವ ಗೆಳೆಯರೇ, ಚಿತ್ರದ ಮೇಲೆ ಕೆಳಗೆ ಜಾಗ ಬೇಕೆಂದು ಎಂಟರ್ ಒತ್ತುತ್ತಾ ಹೋಗಬೇಡಿ. ಮುಂದೆ ಒಂದು ಸಾಲು ತಿದ್ದಿದರೂ ಆ ಖಾಲಿ ಸಾಲುಗಳು ಎಲ್ಲೆಲ್ಲೋ ಸರಿದು ಕೂರುತ್ತವೆ. ಇನ್‌ಡಿಸೈನ್‌ನ ಟೆಕ್ಸ್ಟ್ ರ‍್ಯಾಪ್‌ನಲ್ಲಿ ನಾಲ್ಕೂ ಬದಿಯ ಅಂತರ ಕೊಟ್ಟು, ಅದನ್ನು ಆಬ್ಜೆಕ್ಟ್ ಸ್ಟೈಲ್ ಆಗಿ ಉಳಿಸಿ, ಎಲ್ಲ ಚಿತ್ರಗಳಿಗೂ ಅದನ್ನೇ ಹಾಕಿ.

ಆದರೂ ಅಂತರ ಏರುಪೇರಾಗಿ ಕಂಡರೆ ಮೊದಲು ಚಿತ್ರವನ್ನೇ ನೋಡಿ. ಸ್ಕ್ಯಾನ್ ಮಾಡಿದ ರೇಖಾಚಿತ್ರಗಳ ಅಂಚಿನಲ್ಲಿ ಬಿಳಿ ಪಟ್ಟಿ ಉಳಿದಿರುತ್ತದೆ, ಕತ್ತರಿಸಿಬಿಡಿ. ಸಾಲುಗಳನ್ನು ಬೇಸ್‌ಲೈನ್ ಗ್ರಿಡ್‌ಗೆ ಕಟ್ಟಿದ್ದರೆ, ಚಿತ್ರದ ಎತ್ತರ ಮತ್ತು ಮೇಲೆ ಕೆಳಗಿನ ಅಂತರ ಸೇರಿ ಸಾಲಿನ ಅಳತೆಯ, ಅಂದರೆ ಲೀಡಿಂಗ್‌ನ, ಪೂರ್ಣ ಗುಣಕವಾಗಿರಲಿ. ಲೀಡಿಂಗ್ 16 ಪಾಯಿಂಟ್ ಆದರೆ ಒಟ್ಟು 160 ಅಥವಾ 176. ಇಲ್ಲವಾದರೆ ಕೆಳಗಿನ ಸಾಲು ಮುಂದಿನ ಗೆರೆಗೆ ಹಾರುತ್ತದೆ.

ಕನ್ನಡಕ್ಕೆ ಇನ್ನೊಂದು ಸಂಗತಿಯಿದೆ, ನನ್ನ ಮಟ್ಟಿಗೆ ಇದೇ ಮುಖ್ಯ. ನಮ್ಮ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ. ಹಾಗಾಗಿ ಮೇಲೂ ಕೆಳಗೂ ಒಂದೇ ಸಂಖ್ಯೆ ಕೊಟ್ಟರೂ ಚಿತ್ರದ ಮೇಲ್ಬದಿ ಇಕ್ಕಟ್ಟಾಗಿ ಕಾಣಬಹುದು. ಅಲ್ಲಿ ಒಂದೆರಡು ಪಾಯಿಂಟ್ ಹೆಚ್ಚು ಕೊಡಿ, ಆ ಹೆಚ್ಚಳವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಚ್ಚಿಗೆ ಕಳಿಸುವ ಮೊದಲು ಒಂದು ಪುಟವನ್ನು ಕಾಗದದ ಮೇಲೆ ತೆಗೆದು ಕಣ್ಣಾರೆ ನೋಡಿ.