ಹಣ್ಣಿನ ತುದಿ ಕಪ್ಪಾಗಿದ್ದಕ್ಕೆ ವಿಷ ಹೊಡೆಸಿದರು

ಟೊಮ್ಯಾಟೊ ಕಾಯಿ ತೊಟ್ಟಿನ ಕಡೆ ಚೆನ್ನಾಗಿದ್ದು, ಕೆಳಗಿನ ತುದಿ ಮಾತ್ರ ಕಪ್ಪಗಾಗಿ ಒಳಗೆ ಕುಸಿದಿದ್ದರೆ ಅದು ರೋಗವಲ್ಲ. ಹುಳವೂ ಅಲ್ಲ, ಬೂಷ್ಟೂ ಅಲ್ಲ. ಯಾವ ಔಷಧಿ ಹೊಡೆದರೂ ಅದು ಹೋಗುವುದಿಲ್ಲ. ಮಾಳಿಗೆಯ ಮೇಲೆ ಕುಂಡ ಇಟ್ಟುಕೊಂಡು, ಮನೆಯಲ್ಲಿ ಚಿಕ್ಕ ಮಕ್ಕಳೂ ಇರುವವರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ. ನನಗೆ ಇದನ್ನು ಮೊದಲೇ ಯಾರೂ ಹೇಳಲಿಲ್ಲ. ಹೇಳಬೇಕಾದವರು ಸುಳ್ಳು ಹೇಳಿದರು.

2023ರ ಜುಲೈಯಲ್ಲಿ ಟೊಮ್ಯಾಟೊ ಕಿಲೋಗೆ 100 ರೂಪಾಯಿ ದಾಟಿದಾಗ ಯಮಕನಮರಡಿಯ ನಮ್ಮ ಮನೆಯಲ್ಲೂ ಸಾರಿಗೆ ಹುಣಸೆಹಣ್ಣೇ ಗತಿಯಾಯಿತು. ಮಾಳಿಗೆಯ ಮೇಲೆ ನಾವೇ ಟೊಮ್ಯಾಟೊ ಬೆಳೆಯೋಣ ಎಂದು ಆಗಲೇ ಮನಸ್ಸು ಮಾಡಿದೆ. ಅಗಿ ಹಚ್ಚುವುದು ಚಳಿಗಾಲ ಅರ್ಧ ಕಳೆದ ಮೇಲೆ ಆಯಿತು. ಬಣ್ಣದ ಖಾಲಿ ಬಕೆಟ್‌ಗಳಿಗೆ ತಳದಲ್ಲಿ ತೂತು ಹಾಕಿದೆ. ಮಣ್ಣು ಭಾವ ತಂದರು, ತಮ್ಮ ಕಬ್ಬಿನ ಹೊಲದ ಎರಿಮಣ್ಣು. "ಇದರಾಗ ಬೆಳೀಲಾರದ್ದು ಯಾವುದೈತಿ ತಂಗೀ?" ಎಂದು ಎಲ್ಲ ಬಕೆಟ್‌ಗೂ ತಾವೇ ತುಂಬಿ, ಮೇಲೊಂದು ಹಿಡಿ ಯೂರಿಯಾ ಚೆಲ್ಲಿದರು. ಒಂದಿಷ್ಟು ಮಸಾರಿ ಮಣ್ಣು ಬೆರೆಸೋಣ ಎಂದ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಗಿಡ ಹಸಿರಾಗಿ ಎದ್ದಿತು, ಹೂ ಬಿಟ್ಟಿತು, ಕಾಯಿ ಕಚ್ಚಿತು. ಯುಗಾದಿ ಹತ್ತಿರ ಬಂದಾಗ ಒಂದೊಂದೇ ಕಾಯಿಯ ತುದಿ ಕಪ್ಪಾಗತೊಡಗಿತು. ಭಾವ ಒಂದು ಕಾಯಿ ಕಿತ್ತುಕೊಂಡು ಹೋಗಿ ಔಷಧಿ ಅಂಗಡಿಯಲ್ಲಿ ತೋರಿಸಿದರು. ಅಂಗಡಿಯವರು ಗಿಡ ನೋಡಲಿಲ್ಲ, ಎಷ್ಟು ಗಿಡ, ಎಲ್ಲಿ ಬೆಳೆದದ್ದು ಎಂದೂ ಕೇಳಲಿಲ್ಲ. ಒಡೆದ ಚೀಲದಿಂದ ಒಂದು ಪುಡಿ ತೆಗೆದು ಹಾಳೆಯಲ್ಲಿ ಕಟ್ಟಿದರು, ಸಣ್ಣ ಬಾಟಲಿಯೊಂದಕ್ಕೆ ಏನೋ ಎಣ್ಣೆ ಸುರಿದರು. ಎರಡನ್ನೂ ಕೂಡಿಸಿ ಹೊಡೆಯಿರಿ ಎಂದರು. ಮೇಲೆ ಹೆಸರಿನ ಚೀಟಿ ಇಲ್ಲ, ಬಿಲ್ಲು ಇಲ್ಲ, ಹೊಡೆದ ಮೇಲೆ ಎಷ್ಟು ದಿನ ಹಣ್ಣು ಮುಟ್ಟಬಾರದು ಎಂಬ ಮಾತೂ ಇಲ್ಲ.

ಭಾವ ಬೆಳಿಗ್ಗೆ ಹೊಡೆದು ಹೊಲಕ್ಕೆ ಹೋದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನನ್ನ ಸಣ್ಣ ಮಗಳು ಯಾವಾಗ ಮೆಟ್ಟಿಲು ಹತ್ತಿದಳೋ ಗೊತ್ತಾಗಲಿಲ್ಲ. ಕೆಳಗಿಳಿದು ಬಂದಾಗ ಅಂಗಿಯ ಎದೆಯ ಮೇಲೆಲ್ಲ ಟೊಮ್ಯಾಟೊ ರಸ, ಕೈಯಲ್ಲಿ ಅರ್ಧ ಕಚ್ಚಿದ ಹಣ್ಣು. ಹಣ್ಣು ಮೂಸಿದೆ. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಬಾಯಿ ತೊಳೆಸಿದೆ, ಅಂಗಿ ಬಿಚ್ಚಿ ಸಾಬೂನು ಹಚ್ಚಿ ಮೈ ತೊಳೆದೆ. ಅಷ್ಟರಲ್ಲಿ ಕೂಸು ವಾಂತಿ ಮಾಡಿತು. ಯಜಮಾನರು ಪಕ್ಕದ ಮನೆಯವರ ಗಾಡಿ ತಂದರು. ವಂಟಮುರಿ ಘಾಟ್ ಇಳಿಯುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್ ಕಟ್ಟಿಕೊಂಡು ದಾರಿ ಬಿಡದೆ ಹೋಗುತ್ತಿತ್ತು. ತೊಡೆಯ ಮೇಲೆ ಮಗಳು ನಿದ್ದೆಗೆ ಜಾರುತ್ತಿದ್ದಳು. ಅದು ನಿದ್ದೆಯೋ ಮತ್ತೇನೋ ತಿಳಿಯದೆ ಮತ್ತೆ ಮತ್ತೆ ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿರೀ? ಡಬ್ಬಿ ತಂದೀರೇನು?"

ನಮ್ಮ ಹತ್ತಿರ ಡಬ್ಬಿ ಇರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಭಾವನಿಗೆ ಫೋನ್ ಮಾಡಿದರೆ ಅವರಿಗೂ ಗೊತ್ತಿಲ್ಲ. ಅಂಗಡಿಗೆ ಓಡಿದರು. ಅಂಗಡಿಯವರು ಒಮ್ಮೆ ಒಂದು ಹೆಸರು ಹೇಳಿದರು, ಮತ್ತೊಮ್ಮೆ ಬೇರೆ ಹೆಸರು. ಕೀಟನಾಶಕ ಯಾವ ಜಾತಿಯದೋ ಅದಕ್ಕೆ ತಕ್ಕ ಚಿಕಿತ್ಸೆ ಕೊಡಬೇಕು, ಹೆಸರು ತಿಳಿಯದಿದ್ದರೆ ಲಕ್ಷಣ ನೋಡುತ್ತ ಕಾಯಬೇಕು ಎಂದರು ಡಾಕ್ಟರ್. ಕಾದೆವು. ರಾತ್ರಿಯಿಡೀ ನರ್ಸಮ್ಮ ಬಂದು ಮಗಳ ಕಣ್ಣಿಗೆ ಬ್ಯಾಟರಿ ಬಿಟ್ಟು ಪಾಪೆ ನೋಡಿ ಹೋಗುತ್ತಿದ್ದರು. ಬೆಳಗಿನ ಜಾವ ಮಗಳು ಹಾಲು ಕೇಳಿದಳು.

ಅಂಗಡಿಯವರ ಮೇಲೆ ದೂರು ಕೊಡಲು ಹೋದೆ. ಬಿಲ್ಲು ಇಲ್ಲದೆ ಏನೂ ಮಾಡಲು ಬರುವುದಿಲ್ಲ ಎಂದು ಸಾಹೇಬರು ತಲೆ ಎತ್ತದೆಯೇ ಹೇಳಿ ಕಳಿಸಿದರು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಚೀಟಿ ಇಲ್ಲದ ವಿಷ ಮಾರುವುದೇ ಅಪರಾಧ. ಅದನ್ನು ಅವರಿಗೆ ನಾನು ನೆನಪಿಸಬೇಕಾಯಿತು.

ಕಪ್ಪು ತುದಿಯ ಕಾರಣ ತಿಳಿದದ್ದು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ನಮ್ಮ ಓಣಿಯ ಹುಡುಗಿಯಿಂದ. ಅವಳು ಗಿಡ ನೋಡುವ ಮೊದಲು ಬಕೆಟ್ಟಿನ ಮಣ್ಣಿನಲ್ಲಿ ಬೆರಳು ಚುಚ್ಚಿದಳು. ಬೆರಳು ಇಳಿಯಲಿಲ್ಲ. "ನಳದ ನೀರು ದಿನಾ ಬರ್ತದೇನ್ರಿ ವೈನಿ?" ಎಂದಳು. ನಮ್ಮಲ್ಲಿ ಬೇಸಿಗೆಯಲ್ಲಿ ನಳ ದಿನಾ ಎಲ್ಲಿ ಬರುತ್ತದೆ! ಬಂದ ದಿನ ಬಕೆಟ್ ತುಂಬಿ ಹರಿಯುವಷ್ಟು ಹಾಕುತ್ತಿದ್ದೆವು, ಬಾರದ ದಿನ ಇಲ್ಲ. ಎರಿಮಣ್ಣು ಒಣಗಿದರೆ ಬಿರಿದು ಬಕೆಟ್ಟಿನ ಗೋಡೆ ಬಿಟ್ಟು ನಿಲ್ಲುತ್ತದೆ. ಆಮೇಲೆ ಸುರಿದ ನೀರು ಆ ಸಂದಿಯಲ್ಲೇ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ, ಬೇರಿಗೆ ತಾಗುವುದೇ ಇಲ್ಲ. ನಮ್ಮ ಎರಿಮಣ್ಣಿನಲ್ಲಿ ಸುಣ್ಣಕ್ಕೆ ಬರವಿಲ್ಲ, ಅಗೆದರೆ ಸುಣ್ಣದ ಹರಳೇ ಸಿಗುತ್ತದೆ. ಆದರೆ ಆ ಸುಣ್ಣದಂಶ ಕಾಯಿಗೆ ತಲುಪುವುದು ನೀರಿನ ಜೊತೆಗೇ. ಬಿಸಿಲಿಗೆ ಎಲೆಗಳು ನೀರನ್ನೆಲ್ಲ ಎಳೆದುಕೊಂಡರೆ ಕಾಯಿಯ ತುದಿಗೆ ಪಾಲು ಬರುವುದಿಲ್ಲ. ಯೂರಿಯಾ ಹೆಚ್ಚಾದರೆ ಸೊಪ್ಪು ಮತ್ತಷ್ಟು ಬೆಳೆದು ತೊಂದರೆ ಇಮ್ಮಡಿ. ಮೊಟ್ಟೆಯ ಸಿಪ್ಪೆ ಹಾಕಿ ಎನ್ನುವವರಿದ್ದಾರೆ. ಅದು ಮಣ್ಣಲ್ಲಿ ಕರಗುವಷ್ಟರಲ್ಲಿ ಗಿಡದ ಆಯುಷ್ಯವೇ ಮುಗಿದಿರುತ್ತದೆ.

ಈಗ ಮಾಡುವುದಿಷ್ಟು. ಮಸಾರಿ ಮಣ್ಣು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ, ಕೋಕೋಪಿಟ್ ಸಮ ಪಾಲು. 20 ಲೀಟರಿಗಿಂತ ಸಣ್ಣ ಬಕೆಟ್ ಬೇಡ. ಸ್ಲ್ಯಾಬಿನ ಕಾವು ಬೇರಿಗೆ ತಾಗದಂತೆ ಕೆಳಗೆ ಇಟ್ಟಂಗಿ, ಮಣ್ಣಿನ ಮೇಲೆ ಕಬ್ಬಿನ ರವದಿ. ನಳ ಬಂದ ದಿನ ಡ್ರಮ್ಮು ತುಂಬಿಟ್ಟು ದಿನಾ ಬೆಳಿಗ್ಗೆ ಅಳತೆಯಿಂದ ನೀರು. ಬೀಜ ಗಣೇಶನ ಹಬ್ಬದ ಆಚೆ ಹಾಕಿದರೆ ಹಣ್ಣು ಚಳಿಯಲ್ಲೇ ಕೈಗೆ ಬರುತ್ತದೆ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಹೂವೇ ಉದುರುತ್ತದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುರು, ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ಔಷಧಿ ಬೇಕೇ ಬೇಕಾದರೆ ಮುಚ್ಚಿದ ಡಬ್ಬಿಯನ್ನೇ ಬಿಲ್ಲಿನ ಸಮೇತ ಕೊಳ್ಳಿ. ಡಬ್ಬಿಯ ಮೇಲಿನ ಗುರುತು ಕೆಂಪಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ.

ದಿನಾ ಅಳತೆಯಿಂದ ನೀರು ಹಾಕಿದ ಮೇಲೆ ಅವೇ ಗಿಡಗಳಲ್ಲಿ ಬಂದ ಮುಂದಿನ ಕಾಯಿಗಳು ತುದಿಯವರೆಗೂ ಕೆಂಪಗೆ ಹಣ್ಣಾದವು. ಭಾವ ಇಂದಿಗೂ, "ಔಷಧಿ ಹೊಡೆದದ್ದಕ್ಕ ಚಲೋ ಆದ್ವು" ಅನ್ನುತ್ತಾರೆ. ಹಬ್ಬಕ್ಕೆ ಬಂದವರ ಮುಂದೆಯೂ ಅಂದರು. ನಾನೂ ಎಲ್ಲರ ಮುಂದೆಯೇ, "ಅಲ್ಲರೀ ಭಾವ, ನೀರು ಹಾಕಿದ್ದಕ್ಕ" ಅಂದೆ.